ಫೀಬಿ ಹೊತ್ತ ಪಾತ್ರೆ

ಅಮೆರಿಕದ ಚಾರ್ಲ್ಸ್ಟನ್ನಿನ ಬಿಳಿಯರ ಮನೆಗಳಲ್ಲಿ ಅಡುಗೆಗೆ ನಿಂತ ನಮ್ಮ ಕರಿಯ ಹೆಂಗಸರಿಗೆ ಸಂಬಳ ಅಂತ ಕೈಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಉಳಿದದ್ದು ಪಾತ್ರೆಯಲ್ಲಿ ಬರುತ್ತಿತ್ತು. ದೊಡ್ಡವರ ಊಟ ಮುಗಿದ ಮೇಲೆ ಮಿಕ್ಕ ಅನ್ನ, ಮೀನು, ಕೋಳಿಯ ಕತ್ತು ಎಲ್ಲವನ್ನೂ ತಗಡಿನ ಪಾತ್ರೆಗೆ ಹಾಕಿ, ಬಟ್ಟೆ ಮುಚ್ಚಿ, ತಲೆಯ ಮೇಲೆ ಸಿಂಬಿಯಿಟ್ಟು ಹೊತ್ತುಕೊಂಡು ಹಿತ್ತಲ ಬಾಗಿಲಿಂದ ಹೊರಡುವುದು. ಅದಕ್ಕೆ ಟೋಟ್ ಅನ್ನುತ್ತಿದ್ದೆವು. ಹೊರುವುದಕ್ಕೂ ಅದೇ ಮಾತು, ಹೊತ್ತು ತಂದ ಊಟಕ್ಕೂ ಅದೇ. ಮುಚ್ಚಿದ ಬಟ್ಟೆಯನ್ನು ಮನೆಯೊಡತಿ ಎತ್ತಿ ನೋಡಬಾರದು ಅನ್ನುವುದೊಂದೇ ಕಟ್ಟಳೆ.

ನನ್ನ ಪಕ್ಕದ ಮನೆಯ ಫೀಬಿ ಅಡುಗೆ ಮಾಡುತ್ತಿದ್ದದ್ದು ಮಿಸ್ ಯೂಲಾಲಿಯ ಮನೆಯಲ್ಲಿ. ಆಕೆ ಅತಿಥಿಗಳ ಮುಂದೆ, "ಟೋಟ್ ಅನ್ನೋದು ಈ ಅಡುಗೆಯವರ ಮಾತು. ಕದಿಯೋದಕ್ಕೆ ಇಟ್ಟುಕೊಂಡಿರೋ ಚಂದದ ಹೆಸರು," ಎಂದು ನಗುತ್ತಿದ್ದಳಂತೆ. ಆಮೇಲೆ ಅದೇ ಬಾಯಲ್ಲಿ, "ಫೀಬಿ, ಆ ಕುರ್ಚಿ ಟೋಟ್ ಮಾಡ್ಕೊಂಡು ಬಾ," ಅನ್ನುತ್ತಿದ್ದಳು!

ಫೀಬಿಯ ತಾಯಿ ಬೈನಾ ಅಜ್ಜಿಗೆ ಇದನ್ನು ಕೇಳಿ ಮೈಯೆಲ್ಲ ಉರಿದುಹೋಯಿತು.

"ಕದಿಯೋ ಮಾತಾ? ಅದು ನಮ್ಮವ್ವನ ಮಾತು ಕಣೇ! ಅಂಗೋಲದ ಕಡೆಯಿಂದ ಹಡಗಲ್ಲಿ ತುಂಬ್ಕೊಂಡು ಬಂದಾಗ ಕೈಗೆ ಸರಪಳಿ ಹಾಕಿದ್ರು. ಏನು ತರಾಕಾಯ್ತದೆ? ಬಾಯಾಗಿದ್ದ ಮಾತೊಂದೇ ತಂದಿದ್ದು. ಅದನ್ನೂ ಎತ್ಕೊಂಡ್ರಲ್ಲ ಇವ್ರು!"

ಆ ಮಾತು ಹುಟ್ಟಿದ್ದೆಲ್ಲಿ ಎಂದು ಓದಿದವರು ಇನ್ನೂ ಜಗಳವಾಡುತ್ತಾರಂತೆ. ಆಡಿಕೊಳ್ಳಲಿ. ನನಗೆ ಅಜ್ಜಿಯ ಮಾತೇ ಸಾಕು.

ಫೀಬಿಯ ಸತ್ತ ತಂಗಿಯ ಮಕ್ಕಳು, ಮುದುಕಿ ತಾಯಿ, ಎಲ್ಲರ ಹೊಟ್ಟೆಯೂ ಆ ಪಾತ್ರೆಯನ್ನೇ ನಂಬಿತ್ತು. ಸಂಜೆ ಫೀಬಿ ಅಂಗಳಕ್ಕೆ ಕಾಲಿಟ್ಟ ಕೂಡಲೇ ಕಣ್ಣು ಕಾಣದ ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದಳು: "ಏನು ಹೊತ್ಕೊಂಡು ಬಂದ್ಯೇ?" ಫೀಬಿ ಒಂದೊಂದಾಗಿ ಹೇಳುತ್ತಿದ್ದಳು: ಕೆಂಪನ್ನ, ಸಿಗಡಿ, ಅರ್ಧ ಗೆಣಸಿನ ಹೋಳಿಗೆ.

ಒಂದು ವಸಂತದಲ್ಲಿ ನಮ್ಮವರೇ ನಡೆಸುವ ಶಾಲೆಯಲ್ಲಿ ಅಡುಗೆಯವಳು ಬೇಕಾಗಿದ್ದಳು. ಅಲ್ಲಿ ಪೂರ್ತಿ ಸಂಬಳ, ಎಂಜಲು ಹೊರಬೇಕಾಗಿಲ್ಲ. ಫೀಬಿ ಹುಡುಗಿಯ ಹಾಗೆ ಕುಣಿದಳು. "ಇನ್ಮೇಲೆ ನಮ್ಮನೇಲೇ ಒಲೆ ಹಚ್ತೀನಿ ಕಣಕ್ಕ. ನನಗೆ ಬೇಕಾದ್ದು ಬೇಯಿಸ್ತೀನಿ. ಅವಳು ತಿಂದು ಬಿಟ್ಟಿದ್ದನ್ನಲ್ಲ." ಒಂದೇ ತೊಡಕು: ಈಗ ಕೆಲಸಕ್ಕಿರುವ ಮನೆಯವರು ಅವಳ ಬಗ್ಗೆ ಒಳ್ಳೆಯ ಮಾತು ಹೇಳಿದರೆ ಮಾತ್ರ ಆ ಕೆಲಸ. ಶನಿವಾರ ಅವಳು ಮಿಸ್ ಯೂಲಾಲಿಗೆ ವಿಷಯ ತಿಳಿಸಿದಳು. ಆಕೆ ಮುಗುಳ್ನಕ್ಕು, "ಯೋಚನೆ ಮಾಡೋಣ," ಅಂದಳಂತೆ.

ಆ ಸಂಜೆ ನಾನೂ ಫೀಬಿಯ ಮನೆಯಲ್ಲೇ ಇದ್ದೆ. ಅವಳು ಪಾತ್ರೆ ಇಳಿಸಿ, ಬಟ್ಟೆ ತೆಗೆದು, ಅನ್ನಕ್ಕೆ ಸೌಟು ಹಾಕಿದಳು. ಟಣ್ ಎಂದಿತು. ಅನ್ನದೊಳಗೆ ಮಿಸ್ ಯೂಲಾಲಿಯ ಅಜ್ಜಿಯ ಕಾಲದ ದೊಡ್ಡ ಬೆಳ್ಳಿ ಚಮಚ ಹೂತಿತ್ತು.

ನಮ್ಮೂರ ದೊಡ್ಡ ಮನೆಗಳಲ್ಲಿ ಅನ್ನ ಬಡಿಸುವ ಆ ಚಮಚ ಅಡುಗೆಮನೆಗೆ ಬರುವುದೇ ಇಲ್ಲ. ಒಡತಿಯೇ ತೊಳೆಯುತ್ತಾಳೆ, ಒಡತಿಯೇ ಬೀಗ ಹಾಕುತ್ತಾಳೆ. ಬೀಗದ ಕೈ ಆಕೆಯ ಸೊಂಟ ಬಿಟ್ಟು ಕದಲುವುದಿಲ್ಲ. ಫೀಬಿಯ ಮುಖ ಬೂದಿಬಣ್ಣಕ್ಕೆ ತಿರುಗಿತು.

"ಹೊಳೆಗೆ ಎಸಿ," ಅಂದೆ.

"ಹುಡುಕ್ಕೊಂಡು ಪೊಲೀಸ್ರು ಬಂದ್ರೆ?"

"ಹಂಗಾದ್ರೆ ವಾಪಸ್ ಕೊಡು."

"ಕೊಟ್ರೆ ಕದ್ದಿದ್ದೆ ಅಂತ ಒಪ್ಕೊಂಡಂಗೆ ಆಗ್ತದಲ್ಲಕ್ಕ."

ಅತ್ತ ದರಿ, ಇತ್ತ ಪುಲಿ. ಬೆಳಿಗ್ಗೆ ಚಮಚವನ್ನು ಸೆರಗಿನಂತೆ ಇಳಿಬಿಟ್ಟ ಶಾಲಿನೊಳಗೆ ಸುತ್ತಿಕೊಂಡು ಹೊರಟಳು. ಕಾಫಿ ಮಹಡಿಗೆ ಹೋಗುವವರೆಗೆ ಹಾಸಿಗೆ ಬಿಡದ ಮಿಸ್ ಯೂಲಾಲಿ ಅವತ್ತು ಹಿತ್ತಲ ಬಾಗಿಲಲ್ಲೇ ಕಾದು ನಿಂತಿದ್ದಳು. ಚಮಚ ಕಂಡು ಆಶ್ಚರ್ಯವನ್ನೂ ಪಡಲಿಲ್ಲ.

"ಅಯ್ಯೋ ಫೀಬಿ, ನಾನೇನು ಪೊಲೀಸರನ್ನ ಕರೀತೀನಾ? ಬೇರೆ ಯಾರಾದ್ರೂ ಆಗಿದ್ರೆ ಬಿಡ್ತಿರಲಿಲ್ಲ. ಆದ್ರೆ ಶಾಲೆಯವರು ಕೇಳಿದ್ರೆ ನಾನು ಸುಳ್ಳು ಹೇಳೋದು ಹೇಗೆ, ನೀನೇ ಹೇಳು."

"ನಾನೆಲ್ಲೂ ಹೋಗಾಕಿಲ್ಲ ಅಮ್ಮಾವ್ರೆ," ಅಂದಳು ಫೀಬಿ.

"ಜಾಣೆ. ಇವತ್ತು ಏಡಿ ಸಾರು ಮಾಡು."

ಇಷ್ಟನ್ನು ಫೀಬಿಯೇ ನನಗೆ ಹೇಳಿದ್ದು. ಆ ಹೆಂಗಸು ಯಾವತ್ತೂ ಕೂಗಾಡಿದವಳಲ್ಲ. ಬೆಣ್ಣೆಯಂಥ ಮಾತಲ್ಲೇ ಫೀಬಿಯನ್ನು ಕಟ್ಟಿಹಾಕಿದಳು.

ಅದೇ ದಿನ ಫೀಬಿ ಹೊರಡುವಾಗ ಮಿಸ್ ಯೂಲಾಲಿ ಅಡುಗೆಮನೆಗೆ ಬಂದು, ಪಾತ್ರೆಯ ಬಟ್ಟೆಯನ್ನು ಎರಡೇ ಬೆರಳಲ್ಲಿ ಎತ್ತಿ, ಅನ್ನವನ್ನು ಕೆದಕಿ ನೋಡಿದಳು. ಮರುದಿನವೂ ನೋಡಿದಳು. ಆಮೇಲೆ ಆಕೆ ಎತ್ತುವ ಕಷ್ಟ ಬೇಡವೆಂದು ಫೀಬಿ ತಾನೇ ಬಟ್ಟೆ ಸರಿಸಿ, ತಲೆ ತಗ್ಗಿಸಿ ನಿಲ್ಲತೊಡಗಿದಳು. ಕೂದಲು ಹಣ್ಣಾಗುವವರೆಗೂ ಹಾಗೇ ನಿಂತಳು. ಶಾಲೆಯ ಅಡುಗೆಮನೆಗೆ ಬೇರೆ ಯಾರೋ ಸೇರಿಕೊಂಡರು.

ಪಾತ್ರೆಯ ಬಟ್ಟೆ ಎತ್ತಿಸಿಕೊಂಡ ಆ ಮೊದಲ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಫೀಬಿ ಅಂಗಳದಲ್ಲಿ ಪಾತ್ರೆ ಇಳಿಸದೆ ನಿಂತೇ ಇದ್ದಳು. ಒಳಗಿನಿಂದ ಅಜ್ಜಿ ಎಂದಿನಂತೆ ಕೂಗಿದಳು.

"ಏನು ಹೊತ್ಕೊಂಡು ಬಂದ್ಯೇ?"

"ಮಿಸ್ ಯೂಲಾಲೀನೇ ಹೊತ್ಕೊಂಡು ಬಂದೆ ಕಣವ್ವಾ."

ಅಜ್ಜಿ ಗೋಡೆ ತಡವಿಕೊಂಡು ಬಾಗಿಲಿಗೆ ಬಂದಳು. ಆಮೇಲೆ ಮೆಲ್ಲಗೆ ಅಂದಳು:

"ಇಳಿಸು ಮಗಾ. ಮಕ್ಳು ಹಸ್ದವ್ರೆ."