ಕವಿಯ ಪಾಲಾದ ಹಸು

ಲಾಸರ್ ಹುಟ್ಟಿದ ವರ್ಷವೇ ಕುಲದ ನಾಯಕ ಮಾಹೋನನಿಗೂ ಅವನ ಚಿಕ್ಕಪ್ಪನ ಮಗ ಕೊರ್ಮಾಕನಿಗೂ ಪಟ್ಟದ ಜಗಳ ಹತ್ತಿಕೊಂಡಿತು. ಅಂದಿನಿಂದ ಐರ್ಲೆಂಡಿನ ಆ ಪಡುವಣ ಗುಡ್ಡಗಳಲ್ಲಿ ಹುಲ್ಲು ಚಿಗುರಿದಾಗಲೆಲ್ಲ ಇವರ ದನ ಅವರು, ಅವರ ದನ ಇವರು ಹೊಡೆದುಕೊಂಡು ಹೋಗುವುದು ನಡೆದೇ ಇತ್ತು. ಅದರಲ್ಲಿ ಅವಳ ಅಪ್ಪ ಒಂದು ಕಾಲು ಕಳೆದುಕೊಂಡ. ಅಣ್ಣ ಜೌಗಿನಲ್ಲಿ ಬಿದ್ದವನು ಏಳಲೇ ಇಲ್ಲ.

ಮದುವೆಯಲ್ಲಿ ಅವಳ ಪಾಲಿಗೆ ಬಂದದ್ದು ಕರಿಮೂತಿಯ ಒಂದು ಹಸು. ಕೊರ್ಮಾಕನ ಕಡೆಯವರು ಅದನ್ನೂ ಎರಡು ಸಲ ಒಯ್ದಿದ್ದರು, ಎರಡು ಸಲವೂ ಮಾಹೋನ್ ಬಿಡಿಸಿ ತಂದಿದ್ದ. ಈ ವಸಂತದಲ್ಲಿ ಮೂರನೇ ಸಲ ಬಿಡಿಸಿ ತಂದವನು, ಗೆದ್ದ ಉಬ್ಬಿನಲ್ಲಿ, ತನ್ನನ್ನು ಹಾಡಿ ಹೊಗಳಿದ ಕವಿಗೆ ಅದನ್ನೇ ಕೊಟ್ಟು ಕಳಿಸಿಬಿಟ್ಟ.

ಲಾಸರಳ ಮಡಿಲಲ್ಲಿ ಎರಡು ಕೂಸು: ತನ್ನ ಮಗಳು ಸೋರ್ಖಾ, ನಾಯಕನ ಮಗ ಎಡನ್. ದೊಡ್ಡವರ ಮಕ್ಕಳು ಸಾಕುತಾಯಿಯ ಹಾಲು ಕುಡಿದೇ ಬೆಳೆಯಬೇಕು. ಆ ತಾಯಿಯ ಹೊಟ್ಟೆಗೂ ಏನಾದರೂ ಬೀಳಬೇಡವೇ? ಮೂರು ದಿನ ನಾಯಕನ ಬಳಿ ತನ್ನ ಹಸು ಕೇಳಿದಳು. ಮೂರು ದಿನವೂ ‘ನೋಡೋಣ’ ಎಂಬ ಉತ್ತರ. ನಾಲ್ಕನೆಯ ಬೆಳಿಗ್ಗೆ ಎರಡೂ ಕೂಸುಗಳನ್ನು ಎತ್ತಿಕೊಂಡು ಹೋಗಿ ನಾಯಕನ ಬಾಗಿಲಲ್ಲಿ ಉಪವಾಸ ಕೂತಳು. ಬಾಗಿಲಲ್ಲಿ ನ್ಯಾಯ ಕೇಳುವವರು ಹಸಿದಿರುವಾಗ ಒಡೆಯ ಉಂಡರೆ ಅವನ ಮಾನ ಉಳಿಯದು.

ಮಧ್ಯಾಹ್ನದ ಹೊತ್ತಿಗೆ ಒಳಗೆ ಬೇಯುತ್ತಿದ್ದ ಹಂದಿಮಾಂಸದ ವಾಸನೆಗೆ ಮಾಹೋನನೇ ಸೋತು ಹೊರಬಂದ.

“ಏನಮ್ಮ ಲಾಸರ್, ನನ್ನನ್ನೂ ಉಪವಾಸ ಕೆಡವ್ತೀಯಾ?”

“ನನ್ನ ಹಸು ಕೊಡು ಒಡೆಯ, ಇಬ್ರೂ ಉಣ್ಣೋಣ.”

“ಕೊಟ್ಟಿದ್ದನ್ನ ವಾಪಸ್ ಕೇಳಿದ್ರೆ ಆ ಕವಿ ಸುಮ್ನಿರ್ತಾನಾ? ಮುಖದ ತುಂಬ ಬೊಕ್ಕೆ ಏಳೋ ಹಾಗೆ ಬೈದು ಪದ್ಯ ಕಟ್ತಾನೆ!”

“ಬೊಕ್ಕೆ ನಾಲ್ಕು ದಿನಕ್ಕೆ ಒಣಗತ್ತೆ. ನನ್ನೆದೆ ಒಣಗಿದ್ರೆ ನಿನ್ನ ಮಗನಿಗೆ ಪದ್ಯ ಕುಡಿಸ್ತೀಯಾ?”

ಬೇಲಿಯ ಬಳಿ ನಿಂತಿದ್ದ ಮುದುಕರು ಮೀಸೆಯಲ್ಲೇ ನಕ್ಕರು. ಮಾಹೋನನ ಮುಖ ಕೆಂಪಾಯಿತು. ಎಡನ್ ಕಿರುಚಿ ಅಳತೊಡಗಿದ.

“ಸರಿ! ಎಲ್ರೂ ಕೇಳಿಸ್ಕೊಳ್ಳಿ,” ನಾಯಕ ಎದೆ ಉಬ್ಬಿಸಿದ. “ನಾಳೆನೇ ಕೊರ್ಮಾಕನ ಹುಲ್ಲುಗಾವಲಿಗೆ ನುಗ್ತೀನಿ. ಇವಳಿಗೆ ಒಂದಲ್ಲ, ಎರಡು ಹಸು ತರ್ತೀನಿ. ಇದು ನನ್ನ ಮಾತು!”

“ಅಯ್ಯೋ, ಅದಲ್ಲ ನಾನು ಕೇಳಿದ್ದು! ನಿನ್ನ ಕೊಟ್ಟಿಗೇಲೇ ಇವೆಯಲ್ಲ, ಒಂದು ಬಿಚ್ಚಿ ಕೊಡಬಾರ್ದಾ?”

“ಅವು ಅರಮನೆ ಹಸು ಕಣಮ್ಮ. ನಿನ್ನ ಗಂಡ ಕೋನಾಲನೇ ನಾಳೆ ಮುಂದಾಳು. ಇನ್ನೇನು ಬೇಕು ನಿಂಗೆ?”

“ಮುಗೀತಲ್ಲ, ಏಳು ತಾಯಿ,” ಎಂದ ಒಬ್ಬ ಮುದುಕ. “ಒಡೆಯ ಮಾತು ಕೊಟ್ಟಾಯ್ತು. ಇನ್ನೂ ಕೂತ್ರೆ ತಪ್ಪು ನಿಂದೇ.”

ಅದೂ ನಿಜವೇ. ಮಾತು ಕೊಟ್ಟ ಮೇಲೆ ಉಪವಾಸ ಮುಂದುವರಿಸಿದರೆ ಕೇಳಿದವರ ನ್ಯಾಯವೇ ಬಿದ್ದುಹೋಗುತ್ತದೆ. ಯಾರೋ ತಂದುಕೊಟ್ಟ ಮಜ್ಜಿಗೆಯನ್ನು ಲಾಸರ್ ಹಲ್ಲು ಕಚ್ಚಿ ಕುಡಿದಳು. ಒಳಗೆ ಮಾಹೋನ್ ಆಗಲೇ ಮಾಂಸ ಬಡಿಸಲು ಕೂಗುತ್ತಿದ್ದ.

ಮನೆಗೆ ಬಂದರೆ ಕೋನಾಲ್ ಈಟಿ ಮಸೆಯುತ್ತ ಕೂತಿದ್ದ. ಸುದ್ದಿ ಅವಳಿಗಿಂತ ಮುಂಚೆ ತಲುಪಿತ್ತು.

“ಎರಡು ಹಸುವಂತೆ!” ಎಂದ, ಹಿಗ್ಗಿ.

“ಹೂಂ. ನೀನೊಬ್ಬ ತಿರುಗಿ ಬಾ, ಸಾಕು,” ಎಂದು ಅವನ ಬುತ್ತಿಗೆ ಓಟ್ಸ್ ರೊಟ್ಟಿ ತಟ್ಟಿಟ್ಟಳು. ಆಮೇಲೆ ಒಲೆಯ ಪಕ್ಕ ಕೂತು ನಾಯಕನ ಮಗನನ್ನು ಎದೆಗೆ ಹಚ್ಚಿಕೊಂಡಳು. ಹಸಿದಿದ್ದ ಎಡನ್ ಹೊಸ ಹಲ್ಲಿನಿಂದ ಕಚ್ಚಿದ.

“ಕಚ್ಬೇಡ್ವೋ ಕಂದ,” ಎಂದಳು, ಅವನ ಕೆನ್ನೆ ತಟ್ಟಿ. “ನಾನು ನಿನ್ನ ದಾಯಾದಿ ಅಲ್ಲ.”