ಎಡಗೈ ಮಾತ್ರ ಇದ್ದ ಅಕ್ಷರ

ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಸ್ಕ್ಯಾನರನ್ನು ಕಂಡಿರಲಿಲ್ಲ.

ಮೊನ್ನೆ ಕಪಾಟಿನಿಂದ ಹಳೆಯ ಇಂಗ್ಲಿಷ್ ನೀತಿಮಾತುಗಳ ಪುಸ್ತಕವೊಂದನ್ನು ತೆಗೆದೆ. ಪುಟದ ಫೋಟೋ ಹಿಡಿದರೆ ಫೋನೇ ಓದಿ ಟೈಪು ಮಾಡಿಕೊಡುತ್ತದಂತೆ. ನಿವೃತ್ತ ಮೇಷ್ಟರಿಗೆ ಬೇರೆ ಕೆಲಸವೇನು? ರಟ್ಟು ತೆರೆದೊಡನೆ ಮೈಲುತುತ್ತ ಬೆರೆಸಿದ ಮೈದಾ ಅಂಟಿನ ಹುಳಿ ವಾಸನೆ ಸಣ್ಣಗೆ ಮೂಗಿಗೆ ಬಂತು. ವಾಸನೆಯ ಹಿಂದೆಯೇ ಹುಣಸೂರಿನ ಬೈಂಡಿಂಗ್ ಸಾಹೇಬರೂ ಬಂದರು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು...

ಆಗ ನಾನು ಪಿರಿಯಾಪಟ್ಟಣದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಒಂಬತ್ತು ವರ್ಷದಿಂದ ತಾತ್ಕಾಲಿಕ. ಮನುಷ್ಯನ ಬದುಕೇ ತಾತ್ಕಾಲಿಕವೆಂದು ಹೆಡ್‌ಮಾಸ್ಟರು ಸಮಾಧಾನ ಹೇಳುತ್ತಿದ್ದರು. ಅವರು ಖಾಯಂ.

ಆ ವರ್ಷ ವಾರ್ಷಿಕೋತ್ಸವದಲ್ಲಿ ಇಂಗ್ಲಿಷಿನಲ್ಲೇ ಭಾಷಣ ಮಾಡುವುದಾಗಿ ಶಾಲೆಯ ಅಧ್ಯಕ್ಷರು ಪಣ ತೊಟ್ಟರು. ಕಂಪಲಾಪುರದ ಕಡೆ ಹೊಗೆಸೊಪ್ಪು ಬೆಳೆಯುವ ದೊಡ್ಡ ಕುಳ ಅವರು. "ಚೆನ್ನಾಗಿ ಬರ್ಕೊಡಿ ಮೇಷ್ಟ್ರೇ, ಜೂನಿಗೆ ನಿಮ್ಮನ್ನ ಪರ್ಮನೆಂಟ್ ಮಾಡ್ತೀನಿ" ಎಂದರು.

ನಾನು ಈ ಪುಸ್ತಕದ ಮೊರೆಹೊಕ್ಕೆ. ಕೊಡಗಿನ ಯಾವುದೋ ಬಂಗಲೆಯಿಂದ ರದ್ದಿಗೆ ಬಂದಿದ್ದ ಅದಕ್ಕೆ ಇನ್ನೂರು ವರ್ಷ ದಾಟಿತ್ತು. ಬೇಕಾದ ಪುಟಗಳನ್ನು ಕಂಪ್ಯೂಟರ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಯಂತ್ರ ಓದಿಕೊಟ್ಟದ್ದರಲ್ಲಿ 'ಬೆಸ್ಟ್' ಎಂಬುದು 'ಬೆಫ್ಟ್' ಆಗಿತ್ತು. ಮಸಿ ಮಾಸಿದೆ ಎಂದುಕೊಂಡು ಅಂಥವನ್ನು ತಿದ್ದಿದೆ. ಅರ್ಥ ಕೊಡುವ ಪದಗಳ ತಂಟೆಗೆ ಹೋಗಲಿಲ್ಲ. ಭಾಷಣದ ಕಿರೀಟದಂತೆ ಕೊನೆಗಿಟ್ಟ ಸಾಲು ಇದು: ಎಲ್ಲ ವಿಷಯದಲ್ಲೂ 'ವೈಫ್' ಮಾತು ಕೇಳು. ಆಂಗ್ಲರ ಗೃಹಸ್ಥಧರ್ಮಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಒಂದು ಪ್ರತಿ ಅಧ್ಯಕ್ಷರಿಗೆ ಕೊಟ್ಟೆ. ಇನ್ನೊಂದನ್ನು ಪುಸ್ತಕದೊಳಗೇ ಮರೆತು, ಬೆನ್ನು ಕಿತ್ತಿದ್ದ ಆ ಪುಸ್ತಕವನ್ನು ಸಾಹೇಬರಿಗೆ ಒಪ್ಪಿಸಿ ಬಂದೆ.

ಸಾಹೇಬರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಕ್ಷರಗಳ ಆಕಾರ ಹೋಲಿಸಿಯೇ ಕಿತ್ತ ಹಾಳೆಗಳ ಜಾಗ ಹುಡುಕುತ್ತಿದ್ದರು. ವಾರ ಬಿಟ್ಟು ನಾನು ಹೋದಾಗ ನನ್ನ ಪ್ರತಿಯನ್ನೂ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕೂತಿದ್ದರು.

"ಮೇಷ್ಟ್ರೇ, ಇದನ್ನ ಓದಿದ್ದು ಯಾರು?"

"ಮಿಷಿನ್ನು."

"ಅದಕ್ಕೊಂದು ಕನ್ನಡಕ ಕೊಡ್ಸಿ. ನಿಮ್ಮ ಹಾಳೆನಾಗಿರೋ ಅಕ್ಷರಕ್ಕೆ ಎರಡು ಕಡೆಗೂ ಕೈ ಅದೆ. ಬುಕ್ಕಿನಾಗಿರೋದಕ್ಕೆ ಎಡಗೈ ಮಾತ್ರ. ನೋಡ್ರೀ."

"ಅಷ್ಟಕ್ಕೇ ಏನಾಯ್ತದೆ ಸಾಹೇಬ್ರೇ?"

"ನಮ್ಮ ಉರ್ದುನಾಗೆ ಒಂದು ಚುಕ್ಕಿ ಮೇಲಿದ್ರೆ ಖುದಾ, ಅದೇ ಚುಕ್ಕಿ ಕೆಳಗಿಳಿದ್ರೆ ಜುದಾ. ದೇವ್ರೇ ದೂರ ಆಗೋಯ್ತಾನೆ. ಇಲ್ಲಿ ಒಂದು ಕೈನೇ ಹೆಚ್ಚಾಗ್ಯದೆ ಕಣ್ರೀ!"

ನೋಡಿದೆ. ಅದು ಹಳೇ ಕಾಲದ ಉದ್ದನೆಯ 'ಎಸ್', 'ಎಫ್'ನಂತೆಯೇ ಕಂಡರೂ ಅಡ್ಡಗೆರೆ ಎಡಕ್ಕಷ್ಟೇ. ಯಂತ್ರ ಅದನ್ನು 'ಎಫ್' ಎಂದು ಓದಿತ್ತು, ನಾನು ಯಂತ್ರವನ್ನು ನಂಬಿದ್ದೆ. ಪದ 'ವೈಫ್' ಅಲ್ಲ, 'ವೈಸ್'. ಕೇಳಬೇಕಾದದ್ದು ವಿವೇಕಿಗಳ ಮಾತು, ಹೆಂಡತಿಯದಲ್ಲ. ಒಂಬತ್ತು ವರ್ಷದ ತಪಸ್ಸು ಕಣ್ಣೆದುರೇ ಕರಗತೊಡಗಿತು.

ಅರ್ಥ ಬಿಡಿಸಿ ಹೇಳಿದೆ. ಸಾಹೇಬರು ನಕ್ಕ ರಭಸಕ್ಕೆ ಅಂಟಿನ ಡಬ್ಬ ಉರುಳಿತು.

"ಸುಮ್ಕೆ ಇದ್ಬುಡ್ಲಾ ಸಾಹೇಬ್ರೇ?"

ನಗು ನಿಂತಿತು. "ಇಲ್ಲೀಗಂಟ ಮಿಷಿನ್ ತಪ್ಪು. ಇನ್ಮ್ಯಾಕೆ ನಿಮ್ದು. ಹೋಗಿ ಹೇಳ್ಬುಡಿ."

ಹೋಗಿ ಹೇಳಿದೆ. ಅಧ್ಯಕ್ಷರು ಸುತ್ತ ನೋಡಿ ದನಿ ತಗ್ಗಿಸಿದರು. "ಏನ್ ಮೇಷ್ಟ್ರೇ ನೀವು! ಒಂದು ವಾರದಿಂದ ನಮ್ಮನೆಯೋಳ ಮುಂದೆ ಓದ್ತಾ ಇವ್ನಿ. ಮಗಳು ಅರ್ಥನೂ ಹೇಳ್ಬುಟ್ಟವ್ಳೆ. ಈಗ ತಪ್ಪು ಅಂದ್ರೆ ಮುದ್ದೆ ಇಕ್ಕೋರು ಯಾರು? ಅಂಗೇ ಇರ್ಲಿ ಬುಡಿ."

ಅಂಗೇ ಇತ್ತು. ಆ ಸಾಲನ್ನು ಅವರು ಎರಡು ಸಲ ಓದಿದರು. ಹೆಂಗಸರ ಕಡೆಯಿಂದ ಬಂದ ಚಪ್ಪಾಳೆ ನಮ್ಮ ಶಾಲೆ ಅದುವರೆಗೆ ಕೇಳಿರದಂಥದ್ದು. ಮುಂದಿನ ಸಾಲಿನ ಕುರ್ಚಿಯಲ್ಲಿ ಅವರ ಮನೆಯವರು ಸೆರಗು ಸರಿಮಾಡಿಕೊಂಡದ್ದು ಇನ್ನೂ ಕಣ್ಣಲ್ಲಿದೆ... ಜೂನಿನಲ್ಲಿ ನಾನು ಖಾಯಂ ಆದೆ.

ಸಾಹೇಬರಿಗೆ ಮೈಸೂರುಪಾಕು ಒಯ್ದೆ. ಒಂದು ತುಂಡು ಬಾಯಿಗೆ ಹಾಕಿಕೊಂಡು, "ತಪ್ಪು ಓದಿದೋರಿಗೆ ಪರ್ಮನೆಂಟ್ ಕೆಲಸ, ಸರಿಯಾಗಿ ನೋಡಿದೋರಿಗೆ ಮೈಸೂರುಪಾಕು. ಭೇಷ್!" ಎಂದರು. ಇನ್ನೊಂದು ತುಂಡು ತೆಗೆದುಕೊಂಡರು.

ಮೊನ್ನೆ ಫೋನೂ ಆ ಪುಟವನ್ನು ಓದಿತು. 'ವೈಫ್' ಎಂದೇ ಓದಿತು. ತಕ್ಷಣ ಹುಣಸೂರಿಗೆ ಹೋಗಿ ಹೇಳಬೇಕೆನಿಸಿತು. ಚಪ್ಪಲಿಗೆ ಕಾಲು ಹಾಕಿದ ಮೇಲೆ ನೆನಪಾಯಿತು... ಸಾಹೇಬರು ಹೋಗಿ ನಾಲ್ಕು ವರ್ಷವಾಯಿತು. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನನ್ನ ಫೋನಿನ ಕವರೂ ಅಲ್ಲಿಯದೇ.

ಚಪ್ಪಲಿ ಬಿಟ್ಟು ಬಂದು ಕೂತೆ. ಎಡಗೈ ಮಾತ್ರ ಇದ್ದ ಅಕ್ಷರಗಳನ್ನು ಹುಡುಕಿ ಹುಡುಕಿ ಸರಿಮಾಡಿದೆ. ಆ ಒಂದು ಪುಟದಲ್ಲೇ ಮೂವತ್ತೊಂದು ತಪ್ಪಿದ್ದವು. ಪುಸ್ತಕದ ಹೊಲಿಗೆ ಎಲ್ಲಿಯೂ ಬಿಟ್ಟಿಲ್ಲ.