ಸ್ವಇಚ್ಛೆಯಿಂದ ಎಂದು ಟೈಪ್ ಮಾಡಿದವಳು ನಾನು

ಬುಧವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಅಣ್ಣನನ್ನು ನಮ್ಮ ಆಫೀಸಿಗೆ ಕರೆಸಿದರು. ಹೊತ್ತು ನನಗೆ ಖಚಿತವಾಗಿ ಗೊತ್ತು. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು ಎಂದು ಬರೆದಿಡುವ ಕೆಲಸವೂ ನನ್ನದೇ ಆಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಪುಣೆಯ ಆ ಅಂಚಿನಲ್ಲಿ ಕಾರ್ಖಾನೆಗಳು ಮುಗಿದರೆ ವಾಕಡದ ಹೊಲಗಳು ಶುರುವಾಗುತ್ತಿದ್ದವು. ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅಣ್ಣ ಹದಿನಾಲ್ಕು ವರ್ಷದಿಂದ ಲೇತ್ ಯಂತ್ರ ನಡೆಸುತ್ತಿದ್ದ. ಬಿ.ಕಾಂ. ಮುಗಿಸಿದ ನಾನು ಅಲ್ಲಿಯೇ ಸಿಬ್ಬಂದಿ ವಿಭಾಗದಲ್ಲಿ ಟೈಪಿಸ್ಟ್. ಕಂಪನಿ ಸ್ವಯಂ ನಿವೃತ್ತಿ ಯೋಜನೆ ತಂದಿತ್ತು. ಎಲ್ಲರ ಬಾಯಲ್ಲೂ ವಿಆರ್‌ಎಸ್. ‘ಯಾವ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ಕೆಲಸ ಬಿಡಲು ಅರ್ಜಿ ಸಲ್ಲಿಸುತ್ತಿದ್ದೇನೆ’ ಎಂಬ ಇಂಗ್ಲಿಷ್ ಒಕ್ಕಣೆಯನ್ನು ಮತ್ತೆ ಮತ್ತೆ ಟೈಪ್ ಮಾಡಿ, ಮೇಲಿನವರು ಕೊಟ್ಟ ಪಟ್ಟಿ ನೋಡಿ ಹೆಸರು ಹಾಕುವುದು ಆ ವಾರ ನನ್ನ ಕೆಲಸ.

ಸೋಮವಾರ ಪಟ್ಟಿಯ ಎರಡನೇ ಹಾಳೆಯಲ್ಲಿ ಅಣ್ಣನ ಹೆಸರು ಬಂತು. ಅದನ್ನೂ ಟೈಪ್ ಮಾಡಿದೆ. ಮನಸ್ಸಿದ್ದವರು ಸಹಿ ಹಾಕುತ್ತಾರೆ, ಇಲ್ಲದವರು ಬಿಡುತ್ತಾರೆ ಎಂದುಕೊಂಡೆ. ಓದಿದವಳ ದಡ್ಡತನ. ಅವನ ಇಚ್ಛೆಯೇ ಆಗಿದ್ದರೆ ಅದು ಅವನಿಗಿಂತ ಮೊದಲು ನನಗೆ ಹೇಗೆ ಗೊತ್ತಾಯಿತು? ಸಂಜೆ ಹೇಳಿದಾಗ ಅವನು, “ನಾ ಸಹಿ ಮಾಡಂಗಿಲ್ಲ, ಬಿಡು,” ಎಂದು ನಕ್ಕ. ಅವನ ದುಡಿಮೆಯ ಮೇಲೆ ಮನೆ ನಿಂತಿತ್ತು. ಸುತ್ತಲಿನ ಕಾರ್ಖಾನೆಗಳೆಲ್ಲ ಜನರನ್ನು ಕಳಿಸುತ್ತಿದ್ದವೇ ಹೊರತು ತೆಗೆದುಕೊಳ್ಳುತ್ತಿರಲಿಲ್ಲ. ಆ ಕೆಲಸ ಹೋದರೆ ಇನ್ನೊಂದಿಲ್ಲ.

ಸಹಿ ಹಾಕಿಸಲು ಕೂತಿದ್ದ ಅಧಿಕಾರಿ ವಿಜಾಪುರ ಕಡೆಯವರು, ನಮ್ಮದೇ ತಾಲೂಕು. ಅಪ್ಪ ತೀರಿಕೊಂಡ ಮೇಲೆ ಅಣ್ಣನನ್ನು ಕೆಲಸಕ್ಕೆ ಸೇರಿಸಿದವರೇ ಅವರು. ನಮಗೆ ಅವರು ಕಾಕಾ, ಅವ್ವ ಅವರಿಗೆ ವೈನಿ, ಅಂದರೆ ಅತ್ತಿಗೆ. ಕನ್ನಡದ ಕೆಲಸಗಾರರನ್ನೆಲ್ಲ ಅವರ ಕೋಣೆಗೇ ಕಳಿಸುತ್ತಿದ್ದರು. ಅದು ಕಾಕತಾಳೀಯ ಎಂದು ಆಗ ನಂಬಿದ್ದೆ.

ನನ್ನ ಮೇಜಿಗೂ ಆ ಕೋಣೆಗೂ ನಡುವೆ ಒಂದು ಪ್ಲೈವುಡ್ ಗೋಡೆ. ಬಾಗಿಲಲ್ಲಿ ಇಬ್ಬರು ದಪ್ಪ ಆಳುಗಳು ನಿಂತಿದ್ದರು. ಕಾರ್ಖಾನೆಯವರಲ್ಲ, ಅವರ ಹೆಸರನ್ನು ಬರೆಯಬೇಡ ಎಂದು ನನಗೆ ಹೇಳಿದ್ದರು.

“ಕೂಡು ತಮ್ಮಾ. ಊಟ ಆತೇನು?”

“ಆತ್ರಿ ಕಾಕಾ.”

“ಇಲ್ಲೊಂದು ಸಹಿ ಮಾಡು. ಪಿಎಫ್ ಬರ್ತದ, ಗ್ರಾಚ್ಯುಟಿ ಬರ್ತದ, ಅದರ ಮ್ಯಾಲೆ ಕಂಪನಿ ಬ್ಯಾರೆ ಕೊಡ್ತದ. ಊರಾಗ ಕಿರಾಣಿ ಅಂಗಡಿ ಹಾಕು. ರಾಜಾ ಇದ್ದಂಗ ಇರ್ತಿ.”

“ನನಗ ಅಂಗಡಿ ನಡಸಾಕ ಬರಂಗಿಲ್ರಿ. ಲೇತ್ ನಡಸಾಕ ಬರ್ತದ.”

“ಮುಂದಿನ ವರ್ಷ ಲೇತೂ ಇರಂಗಿಲ್ಲ, ನೀನೂ ಇರಂಗಿಲ್ಲ.”

“ಆವಾಗ ನೋಡೂಣ್ರಿ. ಮನ್ಯಾಗ ಕೇಳಿ ಹೇಳ್ತೀನಿ.”

ಕುರ್ಚಿ ಸರಿದ ಸದ್ದು. ಬಾಗಿಲಲ್ಲಿದ್ದ ಇಬ್ಬರೂ ಒಳಗೆ ಹೋದರು. ನಂತರ ಯಾರೋ ಅವನನ್ನು ಹಿಡಿದು ಮತ್ತೆ ಕೂರಿಸಿದ ಸದ್ದು. ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ಅಣ್ಣ ನೀರು ಕೇಳಿದ. “ಸಹಿ ಮಾಡು, ನೀರೇನು, ಚಾನೇ ಕುಡಿ,” ಎಂದರು ಕಾಕಾ. ಅರ್ಧ ಗಂಟೆಗೂ ಹೆಚ್ಚು ಹೀಗೇ ನಡೆಯಿತು. ಆಮೇಲೆ ಅವರು ದನಿ ತಗ್ಗಿಸಿದರು.

“ನಿನ್ನ ತಂಗಿ ಹೊರಗ ಟೈಪ್ ಮಾಡಾಕತ್ತಾಳ. ದಿನಾ ಒಬ್ಬಾಕೀನ ಬಸ್ ಸ್ಟಾಪಿಗೆ ನಡಕೋತ ಹೋಗ್ತಾಳ ಅಲ್ಲ? ಕಾಲ ಛೊಲೊ ಇಲ್ಲ ತಮ್ಮಾ.”

ನನ್ನ ಬೆರಳು ನಿಂತವು. ಒಳಗಿನಿಂದ ಕಾಕಾ ಕೇಳಿದರು: “ಟೈಪ್ ಯಾಕ ನಿಂತದ?”

ನಾನು ಮತ್ತೆ ಟೈಪ್ ಮಾಡತೊಡಗಿದೆ. ಏನು ಹೊಡೆದೆನೋ ಗೊತ್ತಿಲ್ಲ. ಎದ್ದು ಬಾಗಿಲು ಬಡಿಯಲಿಲ್ಲ, ಕೂಗಲಿಲ್ಲ. ಇವತ್ತಿಗೂ ಪಕ್ಕದ ಕೋಣೆಯಲ್ಲಿ ಯಾರಾದರೂ ದನಿ ತಗ್ಗಿಸಿದರೆ, ಆ ಬಾಗಿಲಿಗೆ ನಾನು ಎಷ್ಟು ಹೆಜ್ಜೆ ದೂರವಿದ್ದೆ ಎಂದು ಲೆಕ್ಕ ಹಾಕುತ್ತೇನೆ. ನಾಲ್ಕು ಹೆಜ್ಜೆ, ಅಷ್ಟೇ. ಅಣ್ಣ ಸಹಿ ಹಾಕಿ ಹೊರಬಂದಾಗ ನನ್ನ ಮುಖ ನೋಡಲಿಲ್ಲ.

ಮರುದಿನ ಗುರುವಾರ. ಆ ಭಾಗದ ಕಾರ್ಖಾನೆಗಳಿಗೆ ವಾರದ ರಜೆ. ನಾನು ಅವ್ವನಿಗೆ ಎಲ್ಲ ಹೇಳಿ, ಅರ್ಜಿ ಬೇಡವೆಂದು ಇವತ್ತೇ ಪತ್ರ ಬರೆಯೋಣ ಎಂದೆ.

“ಕಾಕಾಗ ಯಾರರ ಕಾಗದ ಬರೀತಾರೇನ? ನಾಚಿಕಿಲ್ದಾಕಿ,” ಎಂದಳು ಅವ್ವ. “ನಮ್ಮ ಮಂದಿ ಅವ್ರು. ಮನೀಗೆ ಹೋಗಿ ಎದುರು ಕುಂತು ಕೇಳಿದ್ರ ಇಲ್ಲ ಅನ್ನಂಗಿಲ್ಲ.”

ಹೋದೆವು. ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು. ಅವರ ಹೆಂಡತಿ, ನಮ್ಮ ಕಾಕು, ನನಗೆ ಕುಂಕುಮ ಹಚ್ಚಿ ಕುಬುಸದ ಕಣ ಕೊಟ್ಟರು. ಕಾಕಾ ನಗುತ್ತಲೇ ಹೇಳಿದರು: “ವೈನಿ, ನಾ ಏನು ಹೊರಗಿನಾಂವೇನ್ರಿ? ನಾಳೆ ಆ ಅರ್ಜಿ ಹುಡುಕಿ ಹರದ ಒಗೀತೀನಿ. ಈಕಿಗೆ ಹೇಳ್ರಿ, ಓದಿದ ಹುಡುಗಿ ಇಷ್ಟ ಹೆದರಬಾರದು.”

ಆ ಅವಲಕ್ಕಿ ತಿಂದದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಶುಕ್ರವಾರ ಹತ್ತು ಗಂಟೆಗೆ ಅವರೇ ನನ್ನ ಮೇಜಿನ ಮೇಲೆ ಒಂದು ಕಟ್ಟು ಇಟ್ಟರು. ಕಂಪನಿ ಅರ್ಜಿಗಳನ್ನು ಒಪ್ಪಿದೆ ಎಂಬ ಪತ್ರಗಳು, ಟೈಪ್ ಆಗಬೇಕಾದವು. “ಎಲ್ಲಾದಕ್ಕೂ ನಿನ್ನಿ ತಾರೀಖು ಹಾಕು,” ಎಂದರು. ಮೂರನೆಯ ಹೆಸರು ಅಣ್ಣನದು.

“ಕಾಕಾ, ಹರದ ಒಗೀತೀನಿ ಅಂದಿದ್ರಿ.”

“ಆಫೀಸಿನ್ಯಾಗ ಕಾಕಾ ಅನಬ್ಯಾಡ. ಸಾಹೇಬ್ರ ಅನ್ನು.”

ಹೊಟ್ಟೆನೋವು ಎಂದು ಹೇಳಿ ಎದ್ದೆ. ಅಣ್ಣನಿಗೆ ಅಂದು ಗೇಟಿನಲ್ಲೇ ತಡೆಯಾಗಿತ್ತು. ಹೊರಗಿನ ಚಹಾದ ಗಾಡಿಯ ಬಳಿ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದ. ಇಬ್ಬರೂ ರಿಕ್ಷಾ ಹಿಡಿದು ಶಿವಾಜಿನಗರದ ಕೋರ್ಟಿಗೆ ಹೋದೆವು. ಅಲ್ಲಿ ಕಾರ್ಮಿಕರ ಕೇಸು ನೋಡುವ, ಸೊಲ್ಲಾಪುರ ಕಡೆಯ ಮುದುಕ ವಕೀಲರೊಬ್ಬರ ವಿಷಯ ಅಣ್ಣ ಕೇಳಿದ್ದ. ಹಾಳೆಯ ಹಿಂದೆ ಏನೋ ಗೀಚುತ್ತಲೇ ಅವರು ಕಥೆ ಕೇಳಿದರು.

“ಅರ್ಜಿ ಅಂದ್ರೇನು? ಕೇಳೂದು. ಅವ್ರು ಹೂಂ ಅಂದಿದ್ದು ನಿಮಗ ಮುಟ್ಟೂತನಕ ಕೇಳಿದ್ದು ವಾಪಸ್ ತಗೋಬಹುದು. ಯೋಜನಿ ಕಾಗದದಾಗ ವಾಪಸ್ ತಗೋಬಾರದು ಅಂತ ಬರದಾರೇನು?”

ಅದನ್ನೂ ನಾನೇ ಟೈಪ್ ಮಾಡಿದ್ದೆ. ಅಂಥ ಸಾಲು ಇರಲಿಲ್ಲ.

“ಮತ್ತ ಪಿಎಫ್, ಗ್ರಾಚ್ಯುಟಿ ಅವರಪ್ಪನ ಮನೀದಲ್ಲ. ಬಿಟ್ರೂ ನಿಂದ, ತಗದ್ರೂ ನಿಂದ. ನಿಂದ ನಿನಗ ತೋರಿಸಿ ದಾನ ಮಾಡಿದಂಗ ಆತು.” ಆಮೇಲೆ ನನ್ನ ಕಡೆ ತಿರುಗಿದರು. “ಸ್ವಇಚ್ಛೆ ಅಂತ ಟೈಪ್ ಮಾಡಿದವ್ರು ಯಾರು?”

“ನಾನ ರೀ.”

“ಭೇಷ್. ಇಚ್ಛೆ ಅಣ್ಣಂದು, ಬೆರಳು ತಂಗೀದು, ಲಾಭ ಕಂಪನೀದು.”

ಅಣ್ಣ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಕಂಪನಿಯೇ ಜನರನ್ನು ತೆಗೆಯುವುದಾದರೆ ಕಾರಣ ತೋರಿಸಬೇಕು, ನೋಟಿಸ್ ಕೊಡಬೇಕು, ದೊಡ್ಡ ಕಾರ್ಖಾನೆಯಾದರೆ ಸರ್ಕಾರದ ಅನುಮತಿ ಕೇಳಬೇಕು, ಕೊನೆಗೆ ಸೇರಿದವನನ್ನು ಮೊದಲು ಕಳಿಸಬೇಕು ಎಂದು ಅವರು ವಿವರಿಸಿದರು. ಇಷ್ಟೆಲ್ಲವನ್ನೂ ತಪ್ಪಿಸಲು ಕಂಪನಿಗೆ ಬೇಕಾಗಿದ್ದದ್ದು ಒಂದೇ ಒಂದು ಶಬ್ದ. ಬಿ.ಕಾಂ. ಓದಿದ ನನಗೆ ಇದರಲ್ಲಿ ಒಂದೂ ತಿಳಿದಿರಲಿಲ್ಲ.

ಮೊದಲು ತಂತಿ ಕಳಿಸಿ ಎಂದರು ವಕೀಲರು. ಅದರ ಮೇಲೆ ಗಂಟೆ ನಿಮಿಷ ಇರುತ್ತದೆ. ಆಮೇಲೆ ರಿಜಿಸ್ಟರ್ಡ್ ಅಂಚೆ. ಒತ್ತಾಯದಿಂದ ಸಹಿ ಹಾಕಿಸಿದ್ದಾರೆ, ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ ಎಂದು ಬರೆದು ಅಣ್ಣ ಸಹಿ ಹಾಕಿದ. ಎರಡನ್ನೂ ಅಂದೇ ಕಳಿಸಿದೆವು. ಒಪ್ಪಿಗೆಯ ಪತ್ರ ಮನೆಗೆ ಬಂದದ್ದು ಸೋಮವಾರ. ತಾರೀಖು ಮಾತ್ರ ಗುರುವಾರದ್ದು.

ಅಲ್ಲಿಂದ ಐದು ತಿಂಗಳು. ನನ್ನನ್ನು ಗೋದಾಮಿಗೆ ವರ್ಗ ಮಾಡಿ, ಕೆಲಸ ಕೊಡದೆ ಗೋಡೆಗೆ ಮುಖ ಮಾಡಿ ಕೂರಿಸಿದರು. ಅಣ್ಣ ಬೆಳಿಗ್ಗೆ ನನ್ನನ್ನು ಬಸ್ಸಿಗೆ ಬಿಟ್ಟು, ಸಂಜೆ ಬಂದು ಕರೆದೊಯ್ಯುತ್ತಿದ್ದ. ರಾತ್ರಿ ಓಣಿಯಲ್ಲಿ ಮೋಟರ್‌ಸೈಕಲ್ ನಿಂತರೆ ಅವ್ವ ಎದ್ದು ಕೂರುತ್ತಿದ್ದಳು. ಮೂವರೂ ಒಟ್ಟಿಗೆ ನಿದ್ದೆಹೋದ ರಾತ್ರಿ ಒಂದೂ ಇರಲಿಲ್ಲ.

ವಕೀಲರು ದೂರು ಹಾಕಿದ್ದ ಕಾರ್ಮಿಕ ಕಚೇರಿಯಲ್ಲಿ ಅಧಿಕಾರಿ ನಮ್ಮ ತಂತಿಯನ್ನೂ ಕಂಪನಿಯ ಒಪ್ಪಿಗೆ ಪತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ ಮರಾಠಿಯಲ್ಲಿ ಕೇಳಿದರು, ಗುರುವಾರ ನಿಮ್ಮಲ್ಲಿ ರಜೆಯಲ್ಲವೇ ಎಂದು. ಆಫೀಸು ಮಾತ್ರ ತೆರೆದಿತ್ತು ಎಂದರು ಕಂಪನಿಯವರು. ಹಾಗಾದರೆ ಅಂದು ಯಾರು ಒಳಗೆ ಬಂದರೆಂದು ಬರೆದ ಗೇಟಿನ ಪುಸ್ತಕ ತನ್ನಿ ಎಂದರು ಅಧಿಕಾರಿ. ಆಮೇಲೆ ನನ್ನನ್ನು ಕೇಳಿದರು. ನಾನು ಎದ್ದು ನಿಂತು ಸೋಮವಾರದ ಟೈಪಿಂಗ್, ಚಿಲಕ, ಬಸ್ ಸ್ಟಾಪಿನ ಮಾತು, ಎಲ್ಲ ಹೇಳಿದೆ.

“ಹುಡುಗಿಗೆ ಏನೋ ತಪ್ಪು ತಿಳುವಳಿಕಿ ಆಗ್ಯದ,” ಎಂದರು ಕಾಕಾ.

“ಸಾಹೇಬ್ರ, ನೀವು ಅಂದಿದ್ದು ಕನ್ನಡದಾಗ. ನನಗ ಕನ್ನಡ ಬರ್ತದ.”

ಗೇಟಿನ ಪುಸ್ತಕ ಬರಲೇ ಇಲ್ಲ. ಮುಂದಿನ ತಾರೀಖಿಗೆ ಕಂಪನಿ ಒಂದು ಪತ್ರ ತಂದಿತು: ಮಾನವೀಯ ದೃಷ್ಟಿಯಿಂದ ಅಣ್ಣನನ್ನು ಮರಳಿ ತೆಗೆದುಕೊಳ್ಳುತ್ತದಂತೆ. ಕಸಿದದ್ದನ್ನು ಹಿಂದಿರುಗಿಸುವಾಗಲೂ ದಯೆಯ ಸೋಗು. ಆ ಪಟ್ಟಿಯ ಉಳಿದವರು ಯಾರೂ ತಿರುಗಿ ಕೇಳಲಿಲ್ಲ. ಸಹಿ ಆದ ಮೇಲೆ ಮುಗಿಯಿತು ಎಂದು ಅವರು ನಂಬಿದ್ದರು, ಹಾಗೆ ನಂಬಿಸಲಾಗಿತ್ತು. ಅವರಲ್ಲೊಬ್ಬನನ್ನು ಕೆಲವು ವರ್ಷಗಳ ನಂತರ ವಾಕಡದ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಕಾವಲುಗಾರನಾಗಿ ಕಂಡೆ. ನನ್ನನ್ನು ಗುರುತಿಸಿ ಸೆಲ್ಯೂಟ್ ಹೊಡೆದ. ಅವನ ಅರ್ಜಿಯನ್ನೂ ಟೈಪ್ ಮಾಡಿದವಳು ನಾನೇ ಎಂದು ಅವನಿಗೆ ಹೇಳಲಾಗಲಿಲ್ಲ.

ಆ ಪತ್ರ ಬಂದ ಮುಂದಿನ ಸೋಮವಾರ ಅಣ್ಣ ಮತ್ತೆ ಕಾರ್ಖಾನೆಯೊಳಗೆ ಹೋದ. ಆ ರಾತ್ರಿಯೂ, ಮರುರಾತ್ರಿಯೂ ನಮಗೆ ನಂಬಿಕೆ ಬರಲಿಲ್ಲ. ಬುಧವಾರ ಅವನು ಬಂದು ಊಟಕ್ಕೆ ಕೂತು, ಐದು ತಿಂಗಳಲ್ಲಿ ಯಾರೋ ತನ್ನ ಲೇತನ್ನು ಎಣ್ಣೆ ಬಿಡದೆ ಹಾಳು ಮಾಡಿದ್ದಾರೆ ಎಂದು ಕೈ ತೊಳೆಯುವವರೆಗೂ ಬೈದ. ಬೈಯುತ್ತಲೇ ಗೋಡೆಗೆ ಒರಗಿ ನಿದ್ದೆಹೋದ. ಅವ್ವ ಅವನಿಗೆ ಹೊದಿಸಿ ಪಕ್ಕದಲ್ಲೇ ಮಲಗಿದಳು. ನಾನು ದೀಪ ಆರಿಸಿದೆ.

ಗುರುವಾರ ಎಚ್ಚರವಾದಾಗ ಬಿಸಿಲು ಒಳಗೆ ಬಂದಿತ್ತು. ಆರು ಗಂಟೆಗೆ ನಳದ ನೀರು ಬಂದು ನಿಂತೂ ಹೋಗಿತ್ತು. ಮೂವರಲ್ಲಿ ಒಬ್ಬರಿಗೂ ಕೇಳಿಸಿರಲಿಲ್ಲ. ಅವ್ವ ಖಾಲಿ ಕೊಡ ಎತ್ತಿಕೊಂಡು, ಯಾರನ್ನೂ ಬೈಯದೆ, ಪಕ್ಕದ ಮನೆಗೆ ನೀರು ಕೇಳಲು ಹೋದಳು.